ಗಿರಣಿ ಶರಣಪ್ಪ ಕಾಕಾನ ಕಿವಿ

ಹಿಟ್ಟಿನ ಗಿರಣಿ ನಡೆಸುವವರು ಮೈಯೆಲ್ಲ ಬೆಳ್ಳಗಾಗಿರುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಆದರೆ ನಮ್ಮ ಓಣಿಯ ಶರಣಪ್ಪ ಕಾಕಾನ ಕಿವಿಗಳು ಆಗಾಗ ಆ ಹಿಟ್ಟಿನ ಕೆಳಗಿಂದಲೇ ಕೆಂಪಗೆ ಕಾಣುತ್ತಿದ್ದವು. ಅದು ಅವರಿಗೆ ನಾಚಿಕೆಯಾದ ಗುರುತು. ಅರವತ್ತು ದಾಟಿದ, ಗಿರಿಜಾ ಮೀಸೆಯ, ಜೋಳದ ಚೀಲವನ್ನು ಒಂದೇ ಕೈಯಲ್ಲಿ ಎಳೆದು ಹಾಕುವ ಗಂಡಸು ಹೀಗೆ ನಾಚಿಕೊಳ್ಳುವುದು ಭಾಗ್ಯನಗರದ ನಮ್ಮ ಓಣಿಗೆ ಪುಕ್ಕಟೆ ಮನರಂಜನೆಯಾಗಿತ್ತು. ಹುಡುಗಿಯರಾದ ನಾವು ಹಿಟ್ಟು ಹಾಕಿಸಲು ಹೋದಾಗ ಮೊದಲು ನೋಡುತ್ತಿದ್ದದ್ದು ಅವರ ಕಿವಿಯನ್ನೇ.

ತಮ್ಮ ತಪ್ಪಿಗೆ ಅವರು ನಾಚಿದ್ದು ಕಡಿಮೆ, ಮಂದಿಯ ತಪ್ಪಿಗೆ ನಾಚಿದ್ದೇ ಹೆಚ್ಚು. ಯಾರಾದರೂ ರೈಲು ಬಿಡುತ್ತಿದ್ದರೆ ಬಿಡುವವನು ಆರಾಮಾಗಿರುತ್ತಿದ್ದ, ಕೇಳುತ್ತ ನಿಂತ ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಕಿವಿ ಒರೆಸಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬಾತ ಗಿರಣಿಯ ಬಾಗಿಲಲ್ಲೇ ಹೆಂಡತಿಯನ್ನು ಬೈಯತೊಡಗಿದ. ಡಬ್ಬಿಯ ಮುಚ್ಚಳ ಮನೆಯಲ್ಲೇ ಮರೆತು ಬಂದದ್ದು ಅವಳ ಅಪರಾಧ. ಗಿರಣಿಯ ಸದ್ದಿನಲ್ಲಿ ಕೇಳಿಸಲೆಂದು ಅವನು ದನಿ ಏರಿಸುತ್ತಲೇ ಹೋದ. ಕಾಕಾ ಒಳಗೆ ಹೋಗಿ ಮೋಟರು ಬಂದ್ ಮಾಡಿದರು. ಕಲ್ಲು ತಿರುಗುವುದು ನಿಂತಿತು. ಆತನ ಬೈಗುಳವೊಂದೇ ಓಣಿಯ ಆ ತುದಿಯವರೆಗೆ ಕೇಳಿಸಿತು, ಅವನಿಗೂ ಕೇಳಿಸಿತು. ಅರ್ಧಕ್ಕೇ ಬಾಯಿ ಮುಚ್ಚಿದ.

“ಹೇಳ್ರಿ, ಈಗ ಎಲ್ಲಾರಿಗೂ ಛಲೋ ಕೇಳಸ್ತೈತಿ” ಎಂದರು ಕಾಕಾ.

ಚುಚ್ಚಲೆಂದೇ ಹೇಳಿದರೆಂದು ತಿಳಿದು ನಾವೆಲ್ಲ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. ಆ ದಿನವಿಡೀ ಅವರು ಯಾವ ಹೆಣ್ಣುಮಗಳ ಮುಖವನ್ನೂ ನೋಡದೆ ಡಬ್ಬಿ ತುಂಬಿಕೊಟ್ಟರು.

ಅವರ ಹೆಂಡತಿ ಮಹಾದೇವಿ ಕಾಕಿ ಇದಕ್ಕೆ ತದ್ವಿರುದ್ಧ. ಯಲಬುರ್ಗಾದ ಹೆಣ್ಣು, ಬಾಯಿ ಜೋರು. ನಾಚಿಕೆಯನ್ನೆಲ್ಲ ಗಂಡನ ಪಾಲಿಗೇ ಬಿಟ್ಟು ಬಂದವರಂತಿದ್ದರು. ತಮ್ಮ ಮದುವೆಯ ಕತೆಯನ್ನು ಅವರು ಗಿರಣಿಯ ಸದ್ದನ್ನೂ ಮೀರಿಸಿ ಹೇಳುತ್ತಿದ್ದರು, ಅದೂ ಗಂಡನ ಎದುರಿಗೇ.

ಕಾಕಾ ತಮ್ಮ ಸೋದರಮಾವನ ಜೊತೆ ಬಸ್ಸು ಹತ್ತಿ ಯಲಬುರ್ಗಾಕ್ಕೆ ಕನ್ಯೆ ನೋಡಲು ಹೋಗಿದ್ದರಂತೆ. ಹುಡುಗಿಯ ಕಾಲಲ್ಲಿ ಊನವಿದೆಯೆಂದು ಯಾರೋ ಮಾವನ ಕಿವಿಯೂದಿದ್ದರು. ಬಾಗಿಲವರೆಗೆ ನಡೆದು ತೋರಿಸು ಎಂದು ಮಾವ ಕೇಳಿದ. ಹುಡುಗಿ ಜಮಖಾನದಿಂದ ಎದ್ದು ಬಾಗಿಲವರೆಗೆ ಹೋಗಿ ಬಂದಳು. ಬಂದವಳು ಕೂಡಲಿಲ್ಲ. “ಈಗ ನಿಮ್ಮ ಹುಡುಗನ್ನೂ ಒಮ್ಮೆ ನಡಸ್ರಿ, ನಾನೂ ನೋಡ್ತೀನಿ” ಅಂದಳು. ಅವಳ ಅಪ್ಪ ಕೈ ಎತ್ತಿಕೊಂಡು ಎದ್ದ. ಅಷ್ಟರಲ್ಲಿ ಹುಡುಗನೇ ಎದ್ದು ನಡೆದುಬಿಟ್ಟಿದ್ದ. ಯಾರದೋ ಪ್ಯಾಂಟು ಇಸಿದುಕೊಂಡು ಬಂದದ್ದು ಉದ್ದವಾಗಿತ್ತು. ಹೊಳ್ಳಿ ಬರುವಾಗ ತುದಿ ತುಳಿದು ಮುಗ್ಗರಿಸಿದ.

ಇಷ್ಟು ಹೇಳುವ ಹೊತ್ತಿಗೆ ಕಾಕಾ ಒಳಗಿನಿಂದ “ಸಾಕ ಬಿಡ ಮಾರಾಯ್ತಿ” ಎನ್ನುತ್ತಿದ್ದರು. ಕಾಕಿ ಬಿಡುತ್ತಿರಲಿಲ್ಲ.

“ಬಾಯಿ ಜೋರಿನ ಹುಡುಗಿ ಬ್ಯಾಡ ಅಂದ ಇವ್ರ ಮಾವ. ಇವ್ರು ಅದೇ ಬೇಕಂದ್ರು. ನಾ ಯಾಕ ಒಪ್ಪಿದೆ ಗೊತ್ತೈತೇನು? ನಡದು ಬಂದು ಕುಂತ್ರಲ್ಲ, ಕಿವಿ ಕೆಂಡ ಆಗಿದ್ವು. ಬಿದ್ದಿದ್ದಕ್ಕಲ್ಲ, ನನ್ನ ನಡಸಿದ್ದಕ್ಕ. ನಾಚಿಕಿ ಆಗೋ ಗಂಡಸು ಸಿಗೂದು ಭಾಳ ಕಡಿಮಿ ತಂಗಿ. ನಾ ಅವ್ರ ಮಾರಿ ನೋಡಲಿಲ್ಲ, ಕಿವಿ ನೋಡಿ ಒಪ್ಪಿದೆ.”

ಇದನ್ನು ಕೇಳಿ ನಗುತ್ತ ಹಿಟ್ಟು ಹೊತ್ತು ತಂದವಳು ನಾನು. ನನ್ನನ್ನೇ ನೋಡಲು ಬರತೊಡಗಿದಾಗ ನಗು ಕಡಿಮೆಯಾಯಿತು. ಎಷ್ಟು ಮಂದಿ ಬಂದರೆಂಬ ಲೆಕ್ಕ ಅವ್ವನ ಹತ್ತಿರ ಇದ್ದೀತು, ನಾನು ಇಡುವುದನ್ನು ಬಿಟ್ಟಿದ್ದೇನೆ. ಖಾಸಗಿ ಶಾಲೆಯಲ್ಲಿ ಮಕ್ಕಳ ಮುಂದೆ ದಿನವಿಡೀ ನೆಟ್ಟಗೆ ನಿಂತು ಪಾಠ ಹೇಳುವ ನಾನು, ಚಹಾದ ತಟ್ಟೆ ಹಿಡಿದ ಕೂಡಲೇ ಬೆನ್ನು ಬಗ್ಗಿಸುತ್ತಿದ್ದೆ. ಬಂದವರು ಅವಲಕ್ಕಿ ತಿಂದು, ಫೋನ್ ಮಾಡುತ್ತೇವೆಂದು ಹೇಳಿ ಹೋಗುತ್ತಿದ್ದರು. ಮರುದಿನ ಓಣಿಯಲ್ಲಿ “ಏನಾತವಾ?” ಎಂದು ಕೇಳುವವರಿಗೆ ಉತ್ತರ ಹೇಳುವಾಗ ಆಗುತ್ತಿದ್ದ ನಾಚಿಕೆಯನ್ನು ಯಾವ ಟವೆಲ್ಲಿನಿಂದಲೂ ಒರೆಸಲಾಗುತ್ತಿರಲಿಲ್ಲ.

ಹೀಗಿರುವಾಗ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸರ್ಕಾರಿ ನೌಕರಿ, ಊರ ಹೊರಗೆ ದಾಳಿಂಬೆ ತೋಟ. ಇದು ಕೂಡಿಯೇ ತೀರುತ್ತದೆಂದು ಅಪ್ಪ ಶರಣಪ್ಪ ಕಾಕಾನನ್ನು ನಮ್ಮ ಕಡೆಯ ಹಿರಿಯರೆಂದು ಕರೆದು ಕೂಡಿಸಿದ. ಕಾಕಾ ಅಂದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. ಮಾತುಕತೆ ಚೆನ್ನಾಗಿಯೇ ನಡೆದಿತ್ತು. ಕೊನೆಗೆ ಹುಡುಗನ ದೊಡ್ಡವ್ವ ನನ್ನ ಬೆನ್ನ ಕಡೆ ಬಗ್ಗಿ ನೋಡಿದಳು. ನಮ್ಮೂರಲ್ಲಿ ತಲೆಗೂದಲು ತಂದು, ಆರಿಸಿ, ಹಸನು ಮಾಡಿ ಹೊರಗೆ ಕಳಿಸುವ ಕೆಲಸ ಜೋರಾಗಿದೆ, ಅದು ಎಲ್ಲರಿಗೂ ಗೊತ್ತು.

“ನಿಮ್ಮೂರಾಗ ಕೂದ್ಲ ಬ್ಯಾಪಾರ ಭಾಳ ಅಂತಲ್ಲವಾ. ಈ ಹೆರಳ ನಿಂದ ಹೌದಲ್ಲ? ಒಮ್ಮೆ ಬಿಚ್ಚಿ ತೋರ್ಸು” ಎಂದಳು.

ಎಲ್ಲರೂ ನಕ್ಕರು. ಹುಡುಗ ನಕ್ಕ. ಅಪ್ಪನೂ ನಕ್ಕ. ನಾನೂ ನಕ್ಕೆ. ನನ್ನ ಕೈ ಆಗಲೇ ಹೆರಳಿನ ತುದಿಯ ರಬ್ಬರ್ ಬ್ಯಾಂಡಿಗೆ ಹೋಗಿತ್ತು.

“ಬ್ಯಾಡ ಮಗಳ, ಕೈ ಬಿಡು” ಎಂದರು ಕಾಕಾ. ಅವರ ಕಿವಿ ನೋಡಬೇಕಿತ್ತು. ಅವರು ದೊಡ್ಡವ್ವನನ್ನು ಬಿಟ್ಟು ಹುಡುಗನ ಕಡೆ ತಿರುಗಿದರು. “ತಮ್ಮಾ, ನಿನಗೇನೂ ಅನಸಲಿಲ್ಲೇನಪಾ?”

ಹುಡುಗ ದೊಡ್ಡವ್ವನ ಮುಖ ನೋಡಿದ. “ಹಿರ್ಯಾರು ಕೇಳ್ಯಾರ. ತೋರ್ಸಿದ್ರ ಏನ್ ಆಕ್ಕೈತ್ರಿ?” ಎಂದ.

“ನನಗ ಭಾಳ ನಾಚಿಕಿ ಆಗಾಕತ್ತೈತ್ರಿ” ಎಂದು ಕಾಕಾ ಎದ್ದು ಹೊರಗೆ ನಡೆದರು. ಹೆಣ್ಣಿನ ಕಡೆಯ ಹಿರಿಯನೇ ಎದ್ದು ಹೋದರೆ ಬಂದವರು ಕೂಡುತ್ತಾರೆಯೇ? ಚಹಾ ತಟ್ಟೆಯಲ್ಲೇ ಆರಿತು.

ಆಮೇಲಿನದು ಹೇಳಲೂ ಸಂಕೋಚ. ಕೂಡಿಸಲೆಂದು ಕರೆಸಿದ ಹಿರಿಯನೇ ಮುರಿದನೆಂದು ಅಪ್ಪ ಹಾರಾಡಿದ. ಜೋಳದ ಡಬ್ಬಿ ಬೇರೆ ಗಿರಣಿಗೆ ಹೋಗತೊಡಗಿತು. ಅವ್ವ ಅತ್ತಳು. ನನಗೂ ಕಾಕಾನ ಮೇಲೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಅವರ ನಾಚಿಕೆಗೆ ನನ್ನ ಮದುವೆ ಹೋಯಿತಲ್ಲ ಎಂದುಕೊಂಡೆ. ಶಾಲೆಗೆ ಹೋಗುವಾಗ ಗಿರಣಿಯ ಮುಂದೆ ಹಾಯದೆ ಸುತ್ತು ಹಾಕಿ ಹೋಗುತ್ತಿದ್ದೆ. ಆದರೆ ನನ್ನ ಕೈ ರಬ್ಬರ್ ಬ್ಯಾಂಡಿಗೆ ಹೋಗಿದ್ದ ನೆನಪು ಯಾವ ಸುತ್ತು ಹಾಕಿದರೂ ಬಿಡಲಿಲ್ಲ.

ಕಾಕಾನಿಗೆ ಲಕ್ವಾ ಹೊಡೆದ ಸುದ್ದಿ ಬಂತು. ಒಂದು ಸಂಜೆ ಶಾಲೆಯಿಂದ ನೇರ ಅವರ ಮನೆಗೆ ಹೋದೆ. ಕಾಕಿ ಗಂಡನ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಮಂಚದಿಂದ ಬಾಗಿಲವರೆಗೆ ನಡೆಸುತ್ತಿದ್ದರು. ಕಾಕಾನ ಮೈಮೇಲೆ ಹಿಟ್ಟಿನ ಧೂಳಿರಲಿಲ್ಲ, ಅವರು ಬೇರೆ ಯಾರೋ ಆಗಿ ಕಂಡರು. ಒಂದು ಸುತ್ತಿಗೇ ದಣಿದು ಮಂಚದ ಮೇಲೆ ಕುಸಿದು ಸಾಕೆಂದು ಕೈಯಾಡಿಸಿದರು.

“ಏಳ್ರಿ, ಇನ್ನೊಮ್ಮೆ ನಡದು ತೋರ್ಸ್ರಿ” ಎಂದರು ಕಾಕಿ. “ನಾ ಇನ್ನೂ ಒಪ್ಪಿಲ್ಲ.”

ಕಾಕಾ ಅರ್ಧ ಬಾಯಲ್ಲಿ ನಕ್ಕರು. ಆಗ ಬಾಗಿಲಲ್ಲಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಕಿವಿ ಕೆಂಪಾದವು. ಮಾತು ತೊದಲುತ್ತಿತ್ತು, ಆದರೂ ತಿಳಿಯಿತು: “ನಿನ್ನ ಲಗ್ನ ನಾ ಮುರದೆ ನೋಡವಾ ಸುಮಾ.”

“ನಾ ಹೆರಳ ಬಿಚ್ಚತಿದ್ನಿರಿ ಕಾಕಾ” ಎಂದೆ.

“ಗೊತ್ತೈತಿ ಮಗಳ,” ಎಂದರು. “ಅದಕ್ಕ ಎದ್ದೆ.”

ಅವರ ಇನ್ನೊಂದು ತೋಳನ್ನು ನಾನು ಹೆಗಲಿಗೆ ಹಾಕಿಕೊಂಡೆ. ಮೂವರೂ ಬಾಗಿಲವರೆಗೆ ಹೋಗಿ ಬಂದೆವು.

ಮುಂದಿನ ಸುಗ್ಗಿಗೆ ಕಾಕಾ ಇರಲಿಲ್ಲ. ಗಿರಣಿಯನ್ನು ಈಗ ಕಾಕಿಯೇ ನಡೆಸುತ್ತಾರೆ. ಕಾಕಾನನ್ನು ಮಣ್ಣು ಮಾಡಿದ ದಿನ ಅಪ್ಪ ಬಹಳ ಹೊತ್ತು ಅವರ ಅಂಗಳದಲ್ಲಿ ಒಬ್ಬನೇ ನಿಂತಿದ್ದ. ಆಮೇಲೆ ನಮ್ಮ ಡಬ್ಬಿ ಮತ್ತೆ ಅಲ್ಲಿಗೇ ಹೋಗತೊಡಗಿತು.

ಮೊನ್ನೆ ಗಂಗಾವತಿಯಿಂದ ಇನ್ನೊಂದು ಸಂಬಂಧದವರು ಬಂದಿದ್ದರು. ಚಹಾ ಕೊಟ್ಟು ಕೂತೆ. ಹುಡುಗನ ತಾಯಿ ನನ್ನನ್ನು ನೋಡಿ, “ವಯಸ್ಸು ಜಾಸ್ತಿ ಕಾಣ್ತೈತಿ, ಬೆಳಕಿನ ಕಡೆ ಮಾರಿ ಮಾಡಿ ಕೂಡವಾ” ಎಂದರು. ನಾನು ಅಲುಗಾಡಲಿಲ್ಲ. ಕಾಕಿ ಹೇಳಿದ್ದು ನೆನಪಾಗಿ ಹುಡುಗನ ಕಿವಿ ನೋಡಿದೆ. ಅವು ಇದ್ದ ಹಾಗೇ ಇದ್ದವು. ಅವನ ಪಕ್ಕದಲ್ಲಿ ಕೂತಿದ್ದ ನಮ್ಮ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಿವಿ ಒರೆಸಿಕೊಂಡ. ಆಮೇಲೆ ಎದ್ದು ನಿಂತ.