ಬಿಸಿಗೂ ಬೆರೆಯದ ಅರಗು

ನಮ್ಮಕ್ಕ ಬೆಂಗಳೂರಿನಲ್ಲಿ ಮೂರು ವರ್ಷ ಕಂಪ್ಯೂಟರ್ ಮುಂದೆ ಕೂತು, ಕೆಲವು ಕ್ವಾಂಟಂ ಕಣಗಳು ಇದ್ದ ಜಾಗ ಬಿಟ್ಟು ಕದಲುವುದಿಲ್ಲ ಎಂದು ತಿಳಿದುಕೊಂಡಳು. ಅಷ್ಟಕ್ಕೆ ನಮ್ಮ ಉಯ್ಯಂಬಳ್ಳಿ ಮಾವನನ್ನು ನೋಡಿದ್ದರೆ ಸಾಕಿತ್ತು. ಚನ್ನಪಟ್ಟಣದ ನಮ್ಮ ಮನೆಗೆ ಬಂದರೆ ಅವನು ಕೂತ ಕುರ್ಚಿ ಬೇರು ಬಿಡುತ್ತದೆ. ಬಾಯಿ ಮಾತ್ರ ಕೆಂಗಲ್‌ವರೆಗೆ ಹೋಗಿ ಬರುತ್ತದೆ.

ಆ ಭಾನುವಾರ ಅವನು ಬಂದದ್ದು ಅಕ್ಕನ ಪಿಎಚ್.ಡಿ. ಓದು ನಿಲ್ಲಿಸಲು. ಇನ್ನೆರಡು ವರ್ಷ ಬೇಕೆಂದು ಅವಳು ಅಪ್ಪನನ್ನು ಕೇಳಿದ್ದಳು. ಅಪ್ಪ ಹೂಂ ಅನ್ನದೆ ಮರ ಕಡೆಯುವ ಲೇತ್ ಮುಂದೆ ಕೂತು ಬುಗುರಿಗೆ ಬಣ್ಣ ಹಾಕುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅದು ಕರಗಿ ಅಂಟುತ್ತದೆ.

"ಕದಲ್ದೆ ಇರೋದ್ನ ನೋಡಕ್ಕೆ ಐದು ವರ್ಸವಾ?" ಎಂದ ಮಾವ. "ನಮ್ಮಟ್ಟಿ ಮುಂದ್ಲ ಗುಂಡ್ಕಲ್ಲು ತಾತನ್ ಕಾಲ್ದಿಂದ ಕದಲಿಲ್ಲ. ನನ್ನ ಯಾರೂ ಡಾಕ್ಟ್ರು ಅನ್ನಲಿಲ್ಲ."

"ಒಂದೇ ಕಣ ಅಲ್ಲ ಮಾವ, ಎಲ್ಲಾ ಸೇರಿ ತಳ್ಳಾಡ್ಕೊಂಡೂ ಅಲ್ಲೇ ನಿಂತಿರ್ತವೆ," ಎಂದಳು ಅಕ್ಕ.

"ಅದ್ನ ರಾಮನಗರದ ಬಸ್ಸಲ್ಲೇ ನೋಡಿವ್ನಿ ಕಣವ್ವ." ಅದಕ್ಕೆ ಅವನೊಬ್ಬನೇ ನಕ್ಕ.

ಅಕ್ಕ ಅಪ್ಪನ ಕಡೆ ತಿರುಗಿದಳು. "ಕೆಂಪರಗು ಹಳದಿ ಅರಗು ಪಕ್ಕಪಕ್ಕ ಹಾಕ್ತೀಯಲ್ಲಪ್ಪ, ತಣ್ಣಗಾದ್ರೆ ಗಾಜಿನ ಥರ ಎಲ್ಲಿದ್ದದ್ದು ಅಲ್ಲೇ. ಬಿಸಿ ಜಾಸ್ತಿ ಆದ್ರೆ?"

"ಬೆರ್ತೋಯ್ತದೆ. ಮಾಲು ವಾಪಸ್ ಬತ್ತದೆ."

"ನಾನು ಓದ್ತಿರೋದು ಬಿಸಿಗೂ ಬೆರೆಯಲ್ಲ. ಯಾವ್ದು ಎಲ್ಲಿತ್ತೋ ನೆನಪಿಟ್ಕೊಂಡಿರ್ತದೆ. ಎಷ್ಟು ಕಾಲ ಅನ್ನೋದೇ ಈಗ ಓದಿದೋರ ಜಗಳ."

ಅಪ್ಪ ಲೇತ್ ನಿಲ್ಲಿಸಿದರು. ಹೀಗೆ ಬಣ್ಣದ ಗೆರೆ ಕಲಸಿಹೋದ ಬುಗುರಿಗಳನ್ನು ಅವರು ಒಲೆಗೆ ಹಾಕುತ್ತಾ ಬಂದವರು. ನಮ್ಮ ಮನೆಯ ಅರ್ಧ ಸಾರು ಬೆಂದದ್ದೇ ಅದರ ಮೇಲೆ.

"ಬಿಸಿಗೂ ಬೆರೆಯಕಿಲ್ವಾ?"

"ಇಲ್ಲ."

"ಹಂಗಾರೆ ಹೋಗು. ಎರಡಲ್ಲ, ಮೂರ್ ವರ್ಸ ಆಗ್ಲಿ." ಮಾವ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವನಿಗೂ ಹೇಳಿದರು: "ನೀನ್ ಸುಮ್ಕಿರಪ್ಪ. ನಿನ್ಗೆ ಅರಗಿನ ಕೆಲ್ಸ ಗೊತ್ತಿಲ್ಲ."

ಅದು ಅರಗಲ್ಲ, ಬುಗುರಿಗೆ ಬಳಿಯುವ ವಸ್ತುವೇ ಅಲ್ಲ ಎಂದು ಅಕ್ಕ ಹೇಳಲಿಲ್ಲ. ನಾನು ಹೇಳಲು ಹೊರಟೆ. ಅವಳು ತುಳಿದ ರಭಸಕ್ಕೆ ನನ್ನ ಹೆಬ್ಬೆರಳಿನ ಉಗುರು ಈಗಲೂ ಮಾಗಡಿ ಕಡೆಗೆ ತಿರುಗಿದೆ.

ಅಪ್ಪ ಈಗ ಬೊಂಬೆ ಅಂಗಡಿಯವರಿಗೆಲ್ಲ ಹೇಳುತ್ತಿದ್ದಾರೆ: "ಒಸಿ ತಡೀರಿ, ನನ್ ಮಗ್ಳು ಹೊಸ ಅರಗು ತತ್ತಾವ್ಳೆ." ಅಕ್ಕ ಊರಿಗೆ ಬಂದಾಗಲೆಲ್ಲ ಅವಳ ಬ್ಯಾಗನ್ನು ತಾವೇ ಇಸಿದುಕೊಂಡು, ಒಳಗಿಡುವ ಮೊದಲು ಮೆಲ್ಲಗೆ ಅಲ್ಲಾಡಿಸಿ ನೋಡುತ್ತಾರೆ.