ಯಾರನ್ನ ತೆಗೀಬೇಕ್ರಿ?

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಕೊಡುವವನೊಬ್ಬನಿದ್ದ. ಬೀದರ ಕಡೆಯವನು. ಗಿರಾಕಿಗಳ ಜೊತೆ ಕನ್ನಡ ಇಲ್ಲವೇ ತೆಲುಗು. ಕೆಟ್ಟು ನಿಂತ ವಿಸಿಆರನ್ನು ಬೈಯಲು ಮಾತ್ರ ಹಿಂದಿ. ಯಾವ ಕ್ಯಾಸೆಟ್ ಕೊಟ್ಟರೂ ಮೊದಲು ಮೂಸುತ್ತಿದ್ದ. “ಬೂಸರ ಹಿಡದೈತ್ರಿ” ಎಂದು ಮುಖ ಸಿಂಡರಿಸಿ, ತಾನಾಗಿಯೇ ಕೇಳುತ್ತಿದ್ದ: “ಯಾರನ್ನ ತೆಗೀಬೇಕ್ರಿ?”

ಮದುವೆಯ ಕ್ಯಾಸೆಟ್ ತರುವವರಿಗೆಲ್ಲ ಅದರೊಳಗಿನ ಯಾರಾದರೊಬ್ಬರು ಬೇಡವಾಗಿರುತ್ತಿದ್ದರು. ಮುನಿಸಿಕೊಂಡ ಷಡ್ಡಕ, ಬಿಟ್ಟುಹೋದ ಸೊಸೆ. ನನಗೆ ಬೇಡವಾಗಿದ್ದವನು ಸೈಟಿನ ಜಗಳದಲ್ಲಿ ಮಾತುಬಿಟ್ಟಿದ್ದ ನನ್ನಣ್ಣ.

“ಹಸಿರು ಸಫಾರಿ ಹಾಕ್ಕೊಂಡು ಎಲ್ಲಾ ಕಡೆ ಓಡಾಡ್ಯಾನ ನೋಡ್ರಿ, ಅವನ್ನ.”

“ಹೋದ್ರಂತ ತಿಳ್ಕೊರಿ” ಎಂದು ಆತ ಎರಡು ಬೆರಳುಗಳಿಂದ ಗಾಳಿಯನ್ನು ಕತ್ತರಿಸಿದ.

ಹೋದ ವರ್ಷ ಅಣ್ಣನೂ ನಾನೂ ರಾಜಿಯಾದೆವು. ರಾಜಿಯಾದ ಖುಷಿಗೆ ಅಣ್ಣ, “ನಾಳೆ ಬರ್ತೀನೋ, ನಿನ್ನ ಮದುವಿ ವಿಡಿಯೋ ನೋಡೂಣು” ಎಂದುಬಿಟ್ಟ. ನಾನು ಡಿವಿಡಿ ಹಿಡಿದುಕೊಂಡು ಅಂಗಡಿಗೆ ಓಡಿದೆ.

“ಅಣ್ಣನ್ನ ತಿರುಗಿ ಹಾಕಿಕೊಡ್ರಿ.”

ಆತ ಹೊಟ್ಟೆ ಹಿಡಿದು ನಕ್ಕ. “ನಾ ಇಲ್ಲಿತನಕ ಯಾರನ್ನೂ ಕಟ್ ಮಾಡಿಲ್ರಿ. ಎಲ್ಲಾರೂ ಒಳಗ ಅದಾರ. ಇಷ್ಟು ವರ್ಷದಾಗ ಒಬ್ಬರರೆ ನೋಡಿ ಜಗಳಕ್ಕ ಬಂದಿಲ್ಲ. ನೀವರೆ ನೋಡಿದ್ರೇನು?”

ಆತ ಡಿವಿಡಿ ಇಸಿದುಕೊಂಡು, ಅಭ್ಯಾಸಬಲದಿಂದ ಮೂಸಿದ. ತಾನೇ ಸುತ್ತಿಕೊಟ್ಟಿದ್ದ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ.