ಕೆಳಗಿನಿಂದ ನಾಲ್ಕನೇ ಸಾಲು

ನಿನ್ನೆ ಸಂಜೆ ಕರೆಂಟು ಹೋಯಿತು. ಸೊಸೆ ಮೇಣಬತ್ತಿ ಹಚ್ಚಿದಳು, ಕರೆಂಟು ಬಂದೊಡನೆ ಉಫ್ ಎಂದು ಆರಿಸಿದಳು. ಆರಿದ ಬತ್ತಿಯ ಹೊಗೆಗೆ ಒಂದು ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನಾನು ಮಂಕಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಇಗರ್ಜಿಯ ಹೊರಗೋಡೆಯ ಮುಂದೆ ನಿಂತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡುವವಳಿಗೆ ಅರವತ್ತು ವರ್ಷದ ಹಿಂದಿನ ಗೋಡೆ ಹೇಗೆ ನೆನಪಿರುತ್ತದೆ ಎಂದು ಕೇಳಬೇಡಿ. ಮುದುಕರ ತಲೆಯೇ ಹಾಗೆ.

ಅರವತ್ತರ ದಶಕದ ಆರಂಭದಲ್ಲಿ ನಾನು ಆ ಊರಿನ ಶಾಲೆಗೆ ಟೀಚರಾಗಿ ಹೋದೆ. ಕುಮಟೆಯ ಹುಡುಗಿ, ಇಪ್ಪತ್ತೆರಡರ ಪ್ರಾಯ, ಕೈಯಲ್ಲೊಂದು ಕೊಡೆ, ತಲೆಯಲ್ಲಿ ಊರನ್ನೇ ತಿದ್ದಿಬಿಡುವ ಹುಮ್ಮಸ್ಸು. ತಪ್ಪು ಕಂಡರೆ ಸಾಕು, ಕೈ ತುರಿಸುತ್ತಿತ್ತು. ಊರಿನ ಒಂದೇ ಅಂಗಡಿಯವನಿಗೆ ತಕ್ಕಡಿ ಹಿಡಿಯುವ ಕ್ರಮ ಹೇಳಿಕೊಡಲು ಹೋಗಿ, ಆಮೇಲೆ ಒಂದು ತಿಂಗಳು ಬೆಲ್ಲಕ್ಕಾಗಿ ಮಂಕಿಯವರೆಗೆ ನಡೆದಿದ್ದೇನೆ.

ಇಗರ್ಜಿಯ ಹೊರಗೋಡೆಯಲ್ಲಿ ಒಂದು ಕರಿಕಲ್ಲು ಕೂರಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಸತ್ತ ಊರಿನವರ ಏಳು ಹೆಸರು ಅದರಲ್ಲಿ ಕನ್ನಡದಲ್ಲಿ ಕೊರೆದಿತ್ತು. ಬಂದೂಕು ಹಿಡಿದವರೇನಲ್ಲ, ಬೊಂಬಾಯಿಗೆ ಹೋಗಿ ಹಡಗು ಹತ್ತಿದ ಖಲಾಸಿಗಳು, ಅಡುಗೆಯವರು. ಹಡಗು ಮುಳುಗಿತು, ಹೆಣ ಬರಲಿಲ್ಲ. ಆರು ಮಂದಿ ಕ್ರಿಸ್ತುವರು, ಈರಪ್ಪನೊಬ್ಬ ಹಿಂದೂ. ಒಟ್ಟಿಗೆ ಮುಳುಗಿದವರನ್ನು ಕಲ್ಲಿನ ಮೇಲೆ ಬೇರೆ ಮಾಡುವುದು ಸಲ್ಲ ಎಂದು ಆಗಿನ ಪಾದ್ರಿ ಹೇಳಿದರಂತೆ.

ಈರಪ್ಪನ ಹೆಂಡತಿ ಮಾಸ್ತಮ್ಮ. ಒಂದು ತುಂಡು ಗದ್ದೆ, ಬದಿಯಲ್ಲಿ ಬಸಳೆ, ಹರಿವೆ ಬೆಳೆದುಕೊಂಡು ಬದುಕಿದ್ದಳು. ಪ್ರತಿ ಭಾನುವಾರ ಒಂದು ಅಬ್ಬಲಿಗೆ ಹೂವು ತಂದು, ಕಲ್ಲಿನ ಮೇಲೆ ಕೆಳಗಿನಿಂದ ಬೆರಳಿಟ್ಟು ಎಣಿಸಿ, ನಾಲ್ಕನೇ ಸಾಲಿನ ಅಕ್ಷರದ ಕೊರೆತಕ್ಕೆ ತೊಟ್ಟು ಸಿಕ್ಕಿಸಿ ಹೋಗುತ್ತಿದ್ದಳು. ಓದು ಬಾರದವಳಿಗೆ ಕಲ್ಲುಕುಟಿಗ ಹೇಳಿಕೊಟ್ಟ ಗುರುತು ಅದು.

ನಾನು ಮಧ್ಯಾಹ್ನದ ಮೇಲೆ ಹೆಂಗಸರಿಗೆ ಅಕ್ಷರ ಕಲಿಸಲು ಶುರುಮಾಡಿದಾಗ ಮೊದಲು ಬಂದವಳು ಮಾಸ್ತಮ್ಮನೇ. ಅವಳಿಗೆ ಒಂದೇ ಒಂದು ಹೆಸರು ಓದಲು ಬಂದರೆ ಸಾಕಿತ್ತು. ಯಾವ ಹೆಸರು ಎಂದರೆ ಹೇಳಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದಲ್ಲ! ಓದಿದರೆ ದೋಷವಿಲ್ಲ, ಓದುವುದು ಕಣ್ಣಲ್ವಾ ಎಂಬುದು ಅವಳ ವಾದ. ನನಗೆ ನಗು ಬಂತು. ಮನೆಗೆ ಬರೆದ ಕಾಗದದಲ್ಲಿ ಅದನ್ನೇ ದೊಡ್ಡ ತಮಾಷೆ ಮಾಡಿ ಬರೆದೆ.

ಸರಿ, ಯಾವ ಅಕ್ಷರ ಕಲಿಸಬೇಕೆಂದು ತಿಳಿಯಲು ಕಲ್ಲನ್ನೇ ನೋಡಹೋದೆ. ಕೆಳಗಿನಿಂದ ನಾಲ್ಕನೇ ಸಾಲು: ಪೆದ್ರು. ಈರಪ್ಪ ಅದರ ಮೇಲಿದ್ದ. ನಾನು ಬೆಪ್ಪಾಗಿ ನಿಂತದ್ದನ್ನು ಅಂಗಳ ಗುಡಿಸುತ್ತಿದ್ದ ಕತ್ರೀನ್ ಬಾಯಿ ಕಂಡಳು. ಪೆದ್ರು ಅವಳ ಗಂಡ. ಪ್ರಾರ್ಥನೆಯ ಪುಸ್ತಕ ಓದುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಅವಳೇ ವಿವರಿಸಿದಳು: ಮೊದಲು ಕೊರೆದದ್ದು ಆರೇ ಹೆಸರು. ಬೇರೆ ಹಡಗಿನಲ್ಲಿ ಹೋದವನೊಬ್ಬನ ಸುದ್ದಿ ತಡವಾಗಿ ಬಂದು, ಏಳನೆಯದನ್ನು ಕೆಳಗೆ ಸೇರಿಸಿದರು. ಎಣಿಕೆ ಒಂದು ಸಾಲು ಜಾರಿತು. ಮಾಸ್ತಮ್ಮನಿಗೆ ಯಾರೂ ಹೇಳಲಿಲ್ಲ.

ಕತ್ರೀನ್ ಬಾಯಿಯೂ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಹದಿನೈದು ವರ್ಷ ಕಳೆದಿತ್ತು. ಬದಲಿಗೆ ಮಾಸ್ತಮ್ಮ ಅತ್ತ ಹೋದೊಡನೆ ತಾನು ಇತ್ತ ಬಂದು ಹೂವನ್ನು ಒಂದು ಸಾಲು ಮೇಲಕ್ಕೆ ಸಿಕ್ಕಿಸುತ್ತಿದ್ದಳು. ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

"ಅವಳಿಗೆ ಓದೂಕೆ ಕಲಿಸ್ಬೇಡಿ ಅಕ್ಕೋರೇ," ಎಂದಳು. "ಇಷ್ಟು ವರ್ಷ ಬೇರೆಯವನಿಗೆ ಹೂವಿಟ್ಟೆ ಅಂತ ಗೊತ್ತಾದ್ರೆ ಅವಳ ಎದೆ ಒಡೀತದೆ."

ತಪ್ಪು ತಿದ್ದುವ ಮಹಾಮಾಯಿ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕಲಿಸಬಾರದೆಂದೇ ಕಲಿಸಿದ ಟೀಚರನ್ನು ನೀವು ಕಂಡಿದ್ದೀರಾ? ಒಂದು 'ಅ'ಕಾರವನ್ನು ಎರಡು ವಾರ ತಿದ್ದಿಸಿದೆ. ಮಾಸ್ತಮ್ಮ ಕಾದಳು, ಕಾದಳು, ಕೊನೆಗೆ ನೆರೆಮನೆಯ ಹುಡುಗಿಗೆ ಸೌತೆಕಾಯಿ ಕೊಟ್ಟು ಅವಳ ಪುಸ್ತಕದಿಂದ ತಾನೇ ಕಲಿತಳು. ಒಂದು ಭಾನುವಾರ, ಪೂಜೆ ಮುಗಿದು ಜನ ಚದುರಿದ ಮೇಲೆ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಂತಳು.

ಬೆರಳು ನಾಲ್ಕನೇ ಸಾಲಿಗೆ ಹೋಯಿತು. "ಪೆ… ದ್ರು," ಎಂದು ಜೋರಾಗಿಯೇ ಓದಿದಳು. ಬೆರಳು ಅಲ್ಲೇ ನಿಂತಿತು. ಆಮೇಲೆ ಒಂದು ಸಾಲು ಮೇಲೆ ಹೋಯಿತು. ಈ ಸಲ ತುಟಿ ಬಿಚ್ಚಲಿಲ್ಲ. ಕತ್ರೀನ್ ಬಾಯಿ ಸೆರಗು ಬಾಯಿಗಿಟ್ಟು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡಳು.

ಮಾಸ್ತಮ್ಮ ತಿರುಗಿ ಅವಳನ್ನು ನೋಡಿದಳು. "ಹೂವು ಮೇಲೆ ಹೋಗೂದು ನಂಗೆ ಗೊತ್ತಿತ್ತು ಮಾರಾಯ್ತಿ. ಗಾಳಿ ಹೂವನ್ನ ಕೆಳಗೆ ಬೀಳಿಸ್ತದೆ, ಮೇಲೆ ಹತ್ತಿಸೂದಿಲ್ಲ. ಮೇಲಿನವ ನಿನ್ನ ಗಂಡ ಅಂತ ಮಾಡಿದ್ದೆ. ನಿನ್ನ ಅಂಗಳದಲ್ಲಿ ಹೂವಿನ ಗಿಡ ಇಲ್ಲ, ತಕಳ್ಳಿ ಅಂತ ಸುಮ್ನಿದ್ದೆ."

ಅಂದರೆ, ತನ್ನ ಗಂಡನ ಹೂವನ್ನು ಈಕೆ ಕದಿಯುತ್ತಾಳೆಂದು ತಿಳಿದೂ ಅವಳು ಹದಿನೈದು ವರ್ಷ ಹೂವು ತಂದಿದ್ದಳು! ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನಗಂತೂ ಅಷ್ಟು ಸಂತೋಷ ಆ ಊರಿನಲ್ಲಿ ಮತ್ತೆ ಆಗಲಿಲ್ಲ.

ಮಾರನೆಯ ದಿನ ಮಾಸ್ತಮ್ಮ ಮತ್ತೆ ತರಗತಿಗೆ ಬಂದಳು. ಓದಿ ಆಯ್ತಲ್ಲ ಎಂದೆ. ಉಳಿದ ಐದು ಜನರ ಹೆಸರು ಇನ್ನೂ ಬರುವುದಿಲ್ಲ ಎಂದಳು. ಅದನ್ನೂ ಕಲಿತಳು. ಆಮೇಲಿನ ಭಾನುವಾರಗಳಲ್ಲಿ ಅವಳು ಏಳು ಹೂವು ತರುತ್ತಿದ್ದಳು. ಒಂದೊಂದು ಸಾಲಿಗೂ ಹೆಸರು ಓದಿ ಒಂದೊಂದು ಸಿಕ್ಕಿಸುತ್ತಿದ್ದಳು. ಈರಪ್ಪನ ಸಾಲು ಬಂದಾಗ ಬೆರಳಿಟ್ಟು ಸುಮ್ಮನೆ ನಿಲ್ಲುವಳು. ಪಕ್ಕದಲ್ಲಿ ಮೇಣಬತ್ತಿ ಹಿಡಿದ ಕತ್ರೀನ್ ಬಾಯಿ ಅವಳ ಪರವಾಗಿ ಆ ಹೆಸರನ್ನು ಹೇಳುವಳು.

ಈಗ ಅವರಿಬ್ಬರೂ ಇಲ್ಲ. ಎರಡು ವರ್ಷವಾಯಿತು, ನಮ್ಮ ಮನೆಯವರೂ ಇಲ್ಲ. ಮಾಸ್ತಮ್ಮನನ್ನು ನೋಡಿ ನಕ್ಕ ನಾನು ಸಂಸಾರ ಮಾಡಿದ್ದು ಪೂರ್ತಿ 'ಇವರು', 'ಹೌದೇನ್ರಿ' ಎಂಬುದರಲ್ಲೇ. ನಿನ್ನೆ ಸಂಜೆ ಒಬ್ಬಳೇ ಕೂತು ಕಲ್ಲಿನ ಏಳೂ ಹೆಸರು ಹೇಳಿದೆ, ಒಂದೂ ಮರೆತಿರಲಿಲ್ಲ. ಬಾಯಿ ನಿಲ್ಲಲಿಲ್ಲ. "ಸದಾನಂದ," ಎಂದೆ.

ಅಡುಗೆಮನೆಯಿಂದ ಸೊಸೆ ಹೊರಗೆ ಬಂದಳು. ಮಾವನ ಹೆಸರನ್ನು ನನ್ನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.